ಹರಾಜಿಗೆ ಮೊದಲು ಹತ್ತರಲ್ಲಿ ಒಂದು ಸೀರೆ ತೆಗೆದಿಡಿ: ಮುಜರಾಯಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ, ಬೆಳಗಾವಿ ಜಿಲ್ಲೆಯಿಂದ ನಮಸ್ಕಾರ.

ಪುಷ್ಯ ಮಾಸದ ಬನದ ಹುಣ್ಣಿಮೆ ಮುಗಿದ ಮೇಲೆ ಬರೆದರೆ "ಮುಂದಿನ ವರ್ಷ ನೋಡೋಣ" ಅನ್ನುವ ಉತ್ತರ ಬರುತ್ತದೆ. ಮೂರು ವರ್ಷ ಅದೇ ಬಂತು. ಅದಕ್ಕೆ ಈ ಸಲ ಹುಣ್ಣಿಮೆಗೆ ಮೊದಲೇ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ದೇವಿಯ ಗುಡಿಗಳಿಗೆ ಬರುವ ಉಡಿ ಸೀರೆಗಳನ್ನು ಹರಾಜಿಗೆ ಇಡುವ ಮೊದಲು ಹತ್ತರಲ್ಲಿ ಒಂದನ್ನು ತೆಗೆದು, ಅದೇ ಗುಡಿಯ ಬಾಗಿಲಲ್ಲಿ ಕೂತ ಬಡ ಹೆಂಗಸರಿಗೆ ಕೊಡಿ.

ಸೀರೆಯ ದಾರಿ ನಿಮಗೆ ಗೊತ್ತಿಲ್ಲದ್ದಲ್ಲ. ಭಕ್ತರು ಗುಡಿ ಮುಂದಿನ ಅಂಗಡಿಯಲ್ಲಿ ಸೀರೆ, ಖಣ, ಹಸಿರು ಬಳೆ, ಕಾಯಿ, ಉತ್ತತ್ತಿ ಕೊಂಡು ಉಡಿ ತುಂಬುತ್ತಾರೆ. ಸೀರೆ ದೇವಿಗೆ ಮುಟ್ಟಿ ಬುಟ್ಟಿಗೆ ಬೀಳುತ್ತದೆ, ಸಂಜೆಗೆ ಉಗ್ರಾಣ ಸೇರುತ್ತದೆ. ಅಲ್ಲಿ ರೇಶ್ಮಿ ಬೇರೆ, ಇಳಕಲ್ ಬೇರೆ, ಸಿಂಥೆಟಿಕ್ ಬೇರೆ ಮಾಡಿ ಗಂಟು ಕಟ್ಟುತ್ತಾರೆ. ಹರಾಜಿನ ನೋಟೀಸು, ಠೇವಣಿ, ಕೂಗು. ಗಂಟುಗಟ್ಟಲೆ ಹಿಡಿದ ವ್ಯಾಪಾರಿ ಇಸ್ತ್ರಿ ಮಾಡಿಸಿ, ಹೊಸ ಪ್ಲಾಸ್ಟಿಕ್ ಕವರ್ ಹಾಕಿ, ಅದೇ ಗುಡಿ ಮುಂದಿನ ಅಂಗಡಿಗೆ ಕೊಡುತ್ತಾನೆ. ಒಂದೇ ಸೀರೆ ದೇವಿಯ ಮೈ ಎಷ್ಟು ಸಲ ಹತ್ತಿ ಇಳಿದಿದೆಯೋ ಅವಳಿಗೇ ಗೊತ್ತು. ಹೊರಗೆ ಕೂತವಳ ಮೈಗೆ ಮಾತ್ರ ಒಮ್ಮೆಯೂ ಬರುವುದಿಲ್ಲ.

ಹರಾಜು ತಡವಾದರೆ ಇನ್ನೊಂದು ನಷ್ಟ. ಸೀರೆ ಉಗ್ರಾಣಕ್ಕೆ ಬರುವಾಗಲೇ ಭಂಡಾರ (ಅರಿಸಿನ ಪುಡಿ), ಕುಂಕುಮ, ಎಣ್ಣೆ, ಕಾಯಿನೀರು ಮೆತ್ತಿಕೊಂಡಿರುತ್ತದೆ. ಒಣಗಿಸದೆ ಗಂಟು ಕಟ್ಟಿದರೆ ಹತ್ತಿ ಸೀರೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ, ಜರಿ ಕಪ್ಪಾಗುತ್ತದೆ, ಎಣ್ಣೆ ವಾಸನೆಗೆ ಇಲಿ ಬರುತ್ತದೆ. ತಾಳುವುದು ಸಿಂಥೆಟಿಕ್ ಒಂದೇ. ಇಲಿ ಕಡಿದ ಸೀರೆಯನ್ನು ಲೆಕ್ಕದಿಂದ ತೆಗೆಯಲು ದಾರಿ ಇದೆ ಸ್ವಾಮಿ. ಬಡವಿಗೆ ಕೊಟ್ಟ ಸೀರೆಯನ್ನು ತೆಗೆಯಲು ಇಲ್ಲ.

ನಮ್ಮ ಜಿಲ್ಲೆಯ ಒಂದು 'ಎ' ವರ್ಗದ, ಅಂದರೆ ಹೆಚ್ಚು ಆದಾಯದ ಗುಡಿ. ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿನ ಗುಮಾಸ್ತನೊಬ್ಬನ ವರ್ಗಾವಣೆ ಆಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಪುಷ್ಯದ ಥಂಡಿ, ಹೊತ್ತು ಮುಂಜಾನೆ ಏಳು. ಉಗ್ರಾಣದಿಂದ ಗಂಟು ತಂದು ಹರಾಜಿಗೆಂದು ಪೌಳಿಯಲ್ಲಿ ಒಟ್ಟಿದ್ದರು, ಆಳೆತ್ತರದ ರಾಶಿ. ಮೇಲಿನ ಗಂಟು ಬಿಚ್ಚಿ ಹಸಿರು ಸೀರೆಯೊಂದರ ಸೆರಗು ಜೋತುಬಿದ್ದಿತ್ತು. ಕೊರಳಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಮ್ಮ, ಅಂದರೆ ದೇವಿಗೆ ಬಿಟ್ಟ ದೇವದಾಸಿ, ಎಪ್ಪತ್ತರ ಮೇಲಿನ ವಯಸ್ಸು. ಉಟ್ಟಿದ್ದು ಮೂರು ಕಡೆ ಗಂಟು ಹಾಕಿದ ಸೀರೆ. ಆ ಸೆರಗು ಹಿಡಿದು ನಿಂತಳು. "ಯಪ್ಪಾ, ಅವ್ವನ ಸೀರಿ ಒಂದು ಕೊಡ್ರಿ. ಥಂಡಿ ಭಾಳ ಐತಿ." ಸಿಬ್ಬಂದಿ ಬೈಯಲಿಲ್ಲ, ಹೊಡೆಯಲಿಲ್ಲ. ಆಕೆಯ ಬೆರಳು ಒಂದೊಂದೇ ಬಿಡಿಸಿ ಹೇಳಿದ: "ಯವ್ವಾ, ಅದು ಹರಾಜಿನ ಮಾಲು. ಕೊಟ್ರ ಆಡಿಟ್‌ನ್ಯಾಗ ನನ್ನ ತಲಿಗೆ ಬರ್ತೈತಿ." ಆಮೇಲೆ ಪಾಪ, ತನ್ನ ಕಿಸೆಯಿಂದ ಹತ್ತು ರೂಪಾಯಿ ಕೊಟ್ಟ. ಆಕೆ ತಗೊಳ್ಳಲಿಲ್ಲ. ಹತ್ತು ಗಂಟೆಗೆ ರಾಶಿ ಟೆಂಪೋ ಹತ್ತಿ ಹೋಯಿತು.

ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವಳಿಗೆ ದೇವಿಯ ಸೀರೆ ಇಲ್ಲ. ಇದನ್ನು ಯಾವ ನಿಯಮದಲ್ಲಿ ಬರೆದಿದೆ, ತೋರಿಸಿ.

ಆ ಸಿಬ್ಬಂದಿ ಹೇಳಿದ್ದು ಸುಳ್ಳಲ್ಲ ಎಂಬುದೇ ಸಿಟ್ಟು ಬರಿಸುವ ಮಾತು. ಆದೇಶವಿಲ್ಲದೆ ದಾಸ್ತಾನಿನಲ್ಲಿ ಒಂದು ಸೀರೆ ಕಡಿಮೆ ಬಿದ್ದರೆ ಆಕ್ಷೇಪಣೆ. ಆದೇಶ ಇದ್ದರೆ ಅದೇ ಸೀರೆ ವಿತರಣೆ. ನಡುವೆ ಇರುವುದು ನಿಮ್ಮ ಒಂದು ಸಹಿ.

1997ರ ಧಾರ್ಮಿಕ ದತ್ತಿ ಕಾಯಿದೆ 2003ರಿಂದ ಜಾರಿಯಲ್ಲಿದೆ. ವರ್ಷಕ್ಕೆ 25 ಲಕ್ಷ ಮೀರಿದ ಆದಾಯದ ಗುಡಿ 'ಎ', 5ರಿಂದ 25 ಲಕ್ಷದ್ದು 'ಬಿ', ಅದಕ್ಕಿಂತ ಕೆಳಗಿನದು 'ಸಿ'. 2011ರ ತಿದ್ದುಪಡಿಯ ಪ್ರಕಾರ ವರ್ಷದ ಒಟ್ಟು ಆದಾಯ 10 ಲಕ್ಷ ದಾಟಿದ ಗುಡಿ ತನ್ನ ನಿವ್ವಳ ಆದಾಯದಲ್ಲಿ ನೂರಕ್ಕೆ ಹತ್ತು ಸಾಮಾನ್ಯ ಸಂಗ್ರಹಣಾ ನಿಧಿಗೆ ಕಟ್ಟಬೇಕು. ಶ್ರೀಮಂತ ಗುಡಿ ಬಡ ಗುಡಿಗೆ ನೆರವಾಗಲಿ ಎಂದು. ಒಳ್ಳೆಯದೇ. ಈ ಪಾಲು ಎಷ್ಟಿರಬೇಕು ಎಂದು 2024ರ ಫೆಬ್ರುವರಿಯಲ್ಲಿ ಎರಡೂ ಸದನ ಕಾವೇರಿದ್ದವು, ಮಸೂದೆ ಪರಿಷತ್ತಿನಲ್ಲಿ ಬಿತ್ತು, ವಿಧಾನಸಭೆಯಲ್ಲಿ ಮತ್ತೆ ಎದ್ದಿತು. ಅಷ್ಟೆಲ್ಲ ಗದ್ದಲದಿಂದ ಬಾಗಿಲಲ್ಲಿ ಕೂತವಳಿಗೆ ಒಂದು ಕುಪ್ಪಸದ ಬಟ್ಟೆಯೂ ಸಿಗಲಿಲ್ಲ. ಗುಡಿಯಿಂದ ಗುಡಿಗೆ ಹತ್ತರಲ್ಲೊಂದು ಪಾಲು ಹೋಗಬಹುದಾದರೆ, ಗುಡಿಯಿಂದ ಮನುಷ್ಯಳಿಗೆ ಯಾಕೆ ಹೋಗಬಾರದು? ಕ್ರೈಸ್ತರಲ್ಲಿ ದಶಮಾಂಶ ಎಂಬುದಿದೆ, ಮುಸಲ್ಮಾನರಲ್ಲಿ ಉಳಿತಾಯದ ನೂರಕ್ಕೆ ಎರಡೂವರೆ ಜಕಾತ್. ಆ ಹಣ ಬಡವರಿಗೆ ಮುಟ್ಟುತ್ತದೆಯೇ ಎಂದು ಅಲ್ಲಿಯವರು ತಮ್ಮ ಚರ್ಚನ್ನೂ ಮಸೀದಿಯನ್ನೂ ಕೇಳಿಕೊಳ್ಳಲಿ. ಕೂಡಲಸಂಗಮ, ಬಸವನ ಬಾಗೇವಾಡಿ ಇರುವ ಸೀಮೆಯವರಿಗೆ ದಾಸೋಹದ ಅರ್ಥವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ನಷ್ಟದ ಲೆಕ್ಕವನ್ನೂ ಮಾಡಿಬಿಡೋಣ. ಗುಡಿಗೆ ವರ್ಷಕ್ಕೆ 5,000 ಸೀರೆ ಬರುತ್ತವೆ, ಗಂಟಿನ ಹರಾಜಿನಲ್ಲಿ ಒಂದಕ್ಕೆ 100 ರೂಪಾಯಿ ಬೀಳುತ್ತದೆ ಎಂದೇ ಹಿಡಿಯಿರಿ. ಹತ್ತರಲ್ಲೊಂದು ಅಂದರೆ 500 ಸೀರೆ, 50,000 ರೂಪಾಯಿ. 'ಎ' ವರ್ಗದ ತೀರಾ ಕೆಳ ಮಿತಿಯಾದ 25 ಲಕ್ಷದಲ್ಲಿ ಅದು ನೂರಕ್ಕೆ ಎರಡು.

ಕೊಡುವ ಕ್ರಮ ಹೇಳುತ್ತೇನೆ, ಯಾಕೆಂದರೆ "ಮಾರ್ಗಸೂಚಿ ಇಲ್ಲ" ಅನ್ನುವುದು ಮುಂದಿನ ಉತ್ತರ. ಗಂಟು ಕಟ್ಟುವಾಗಲ್ಲ, ಸಂಜೆ ಬುಟ್ಟಿ ಎಣಿಸುವಾಗಲೇ ಹತ್ತನೆಯದನ್ನು ಬೇರೆ ಇಡಬೇಕು. ತಡ ಮಾಡಿದರೆ ಒಳ್ಳೆಯವು ಹರಾಜಿಗೆ, ಕಲೆಯವು ಬಡವರಿಗೆ ಆಗುತ್ತದೆ. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ. ರೇಶ್ಮಿ ಬೇಡ, ಅದು ಹರಾಜಿಗೇ ಹೋಗಲಿ. ಬಿಸಿಲಿಗೆ ಒಣಹಾಕಿ ಭಂಡಾರ ಕೊಡವಿ ಮಡಚಬೇಕು. ಇನ್ನೊಂದು ಸಣ್ಣ ಮಾತು, ಆದರೆ ಎಲ್ಲರೂ ಎಡವುವುದು ಇಲ್ಲೇ: ಉಡಿಗೆ ಬರುವ ಸಿಂಥೆಟಿಕ್ ಸೀರೆ ಐದೂವರೆ ಮೀಟರ್. ಕಚ್ಚೆ ಹಾಕುವ ಮುದುಕಿಯರಿಗೆ ಎಂಟು, ಒಂಬತ್ತು ಗಜ ಬೇಕು. ಉದ್ದದ ಇಳಕಲ್ ಬಂದರೆ ಅದನ್ನು ಅವರಿಗೇ ಮೀಸಲಿಡಿ.

ಯಾರಿಗೆ? 1982ರಲ್ಲಿ ದೇವದಾಸಿ ನಿಷೇಧ ಕಾಯಿದೆ ಆಯಿತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ 46,660 ಹೆಂಗಸರ ಹೆಸರು ಸೇರಿತು. ಪಟ್ಟಿ ಸರ್ಕಾರದ ಬಳಿಯೇ ಇದೆ, ಅಲ್ಲಿಂದ ಶುರು ಮಾಡಿ. ಬಿಟ್ಟುಹೋದವರಿಗೆ ಅಂತ್ಯೋದಯ ಕಾರ್ಡು ಸಾಕು. ಅದೂ ಇಲ್ಲದವಳಿಗೆ ಅಂಗನವಾಡಿ ಕಾರ್ಯಕರ್ತೆಯ ಸಹಿ ಸಾಕು. ಆಧಾರ್ ಕೇಳಬೇಡಿ, ಓಟಿಪಿ ಕೇಳಬೇಡಿ, ದಯವಿಟ್ಟು. ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡಿ. ವೇದಿಕೆ ಹಾಕಿ, ಹಾರ ಹಾಕಿ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದಾದರೆ ಮಾತ್ರ ಬೇಡ.

ಹೊಸ್ತಿಲ ಹುಣ್ಣಿಮೆ ದೇವಿಯ ಬಳೆ ಒಡೆಯುವ ಹುಣ್ಣಿಮೆ, ಭಾರತ ಹುಣ್ಣಿಮೆ ಅವಳು ಮತ್ತೆ ಮುತ್ತೈದೆಯಾಗುವುದು. ಆ ನಡುವಿನ ಎರಡು ತಿಂಗಳು ಥಂಡಿಯವು. ಸೀರೆ ಅಷ್ಟರೊಳಗೆ ಕೈ ಸೇರಬೇಕು.

ಹತ್ತರಲ್ಲಿ ಒಂದು. ಹರಾಜಿಗೆ ಮೊದಲು. ಆದೇಶದ ಸಂಖ್ಯೆ ಮತ್ತು ದಿನಾಂಕ ಗುಡಿಯ ಬಾಗಿಲಲ್ಲಿ ಹಚ್ಚಿಸಿ, ಆ ಸಿಬ್ಬಂದಿ ಇನ್ನೊಮ್ಮೆ ಯಾರ ಬೆರಳನ್ನೂ ಬಿಡಿಸಬೇಕಾಗದ ಹಾಗೆ.

ಇಂತಿ,
ಬೆಳಗಾವಿ ಜಿಲ್ಲೆಯ ಒಬ್ಬ ಭಕ್ತ