ಪುಟ್ಟಿಗೆ, ಬೇಲೂರಿನ ಶ್ಲೋಕದ ನೆಪದಲ್ಲಿ

ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಾಲೆಯಲ್ಲಿ ಧರ್ಮ, ದರ್ಶನ, ನೀತಿಶಾಸ್ತ್ರ ತಗೊಂಡಿದ್ದೀಯ, ಬಹಳ ಸಂತೋಷ. ನೀನು ಕಳಿಸಿದ ಎರಡೂ ಪ್ರಬಂಧ ಓದಿದೆ. ಮೊದಲನೆಯದನ್ನು 'ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ' ಅಂತ ಶುರು ಮಾಡಿ, ನಮ್ಮ ಬೇಲೂರಿನ ಶಾಸನದ ಶ್ಲೋಕವನ್ನು ಆಧಾರ ಕೊಟ್ಟಿದ್ದೀಯ. ಆ ವಾಕ್ಯ ಹೊಡೆದುಹಾಕು. ಶ್ಲೋಕ ಇರಲಿ, ಆದರೆ ಕೊನೇ ಸಾಲಿನವರೆಗೂ ಓದು.

ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನ್ಯಾಯದರ್ಶನದ ನೈಯಾಯಿಕರು ಕರ್ತನೆಂದು, ಜೈನರು ಅರ್ಹಂತನೆಂದು, ವೇದದ ಯಜ್ಞಕರ್ಮವೇ ಮುಖ್ಯವೆನ್ನುವ ಮೀಮಾಂಸಕರು ಕರ್ಮವೆಂದು ಯಾರನ್ನು ಕಾಣುತ್ತಾರೋ ಆ ಕೇಶವ ನಿಮ್ಮ ಇಷ್ಟಾರ್ಥ ಕೊಡಲಿ ಎಂಬುದು ಅದರ ತಾತ್ಪರ್ಯ. ಕೊನೆಗೆ ನಿಂತದ್ದು ಕೇಶವ. ವೈಷ್ಣವನೊಬ್ಬನ ದೊಡ್ಡ ಮನಸ್ಸಿನ ಮಾತು ಅದು. ಜೈನನನ್ನು ಕೇಳು, ಅರ್ಹಂತ ವೀತರಾಗ, ಅಂದರೆ ರಾಗದ್ವೇಷ ಕಳೆದುಕೊಂಡವನು, ವರ ಕೊಡುವವನಲ್ಲ ಅನ್ನುತ್ತಾನೆ. ಮೀಮಾಂಸಕನಿಗೆ ಕರ್ಮವೇ 'ಅಪೂರ್ವ'ದ, ಅಂದರೆ ಕರ್ಮದಿಂದ ಹುಟ್ಟುವ ಕಾಣದ ಶಕ್ತಿಯ, ಮೂಲಕ ಫಲ ಕೊಡುತ್ತದೆ, ನಡುವೆ ಈಶ್ವರ ಬೇಕಿಲ್ಲ. ಕುಂಬಾರನಿಲ್ಲದೆ ಮಡಕೆಯಿಲ್ಲ, ಕರ್ತನಿಲ್ಲದೆ ಜಗತ್ತಿಲ್ಲ ಅಂತ ನೈಯಾಯಿಕ ವಾದಿಸಿದರೆ ಬೌದ್ಧ ಒಪ್ಪುವುದಿಲ್ಲ. ಈ ವಾಗ್ವಾದವೇ ನಿನ್ನ ಪಾಠ ಕಣಮ್ಮ.

ಎರಡನೆಯದು ಸಲ್ಲೇಖನದ, ಅಂದರೆ ಅನ್ನನೀರು ಕ್ರಮೇಣ ಬಿಟ್ಟು ದೇಹ ತ್ಯಜಿಸುವ ಜೈನ ವ್ರತದ, ಪ್ರಬಂಧ. ಮೂರನೇ ಸಾಲಿಗೇ 'ಇದು ಆತ್ಮಹತ್ಯೆ' ಅಂತ ತೀರ್ಪು ಕೊಟ್ಟಿದ್ದೀಯ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಕೂಡ ಹಾಗೇ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ನೀನು ಮೊದಲು ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಬರಿ. ಜೈನ ಆಚಾರ್ಯ ಸಮಂತಭದ್ರರು ಈ ವ್ರತಕ್ಕೆ ಹೇಳಿದ ಸಂದರ್ಭ ನಾಲ್ಕು: ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ದುರ್ಭಿಕ್ಷ (ಬರಗಾಲ), ಮುಪ್ಪು, ರೋಗ. ಜೈನರ ಗ್ರಂಥ ತತ್ತ್ವಾರ್ಥಸೂತ್ರ ಐದು ಅತಿಚಾರ, ಅಂದರೆ ವ್ರತ ಕೆಡಿಸುವ ದೋಷ, ಎಣಿಸುತ್ತದೆ. ಬದುಕುವ ಆಸೆ ಒಂದು ದೋಷವಾದರೆ, ಸಾಯುವ ಆಸೆಯೂ ಒಂದು. ಇದನ್ನು ಬಿಟ್ಟರೆ ಜೈನರ ವಾದದ ಬೆನ್ನೆಲುಬನ್ನೇ ಬಿಟ್ಟಂತೆ. ಇದಾದ ಮೇಲೆ ಗಟ್ಟಿಯಾದ ಆಕ್ಷೇಪ ಎತ್ತು: ಮನೆಯವರ, ಸಮಾಜದ ಒತ್ತಡಕ್ಕೆ ಹೂಂ ಅಂದದ್ದನ್ನು ಸ್ವಇಚ್ಛೆ ಅನ್ನಬಹುದೇ? ನಡುವೆ ಮನಸ್ಸು ಬದಲಾದರೆ ಕೇಳುವವರು ಯಾರು? ನಾಲ್ಕು ಪುಟದಲ್ಲಿ ಪೂರ್ವಪಕ್ಷಕ್ಕೆ ಒಂದೂವರೆ, ಆಕ್ಷೇಪಕ್ಕೆ ಒಂದೂವರೆ, ಉಳಿದ ಒಂದರಲ್ಲಿ ನಿನ್ನ ನಿಲುವು ಮತ್ತು ಕಾರಣ. ಪೂರ್ವಪಕ್ಷವನ್ನು ಓದಿದ ಜೈನ ಗೆಳತಿ 'ಹೌದು, ನಾವು ಹೇಳುವುದು ಇದನ್ನೇ' ಅನ್ನಬೇಕು. ಅಲ್ಲಿಯವರೆಗೂ ತಿದ್ದು.

'ಹಿಂದೂಗಳು ನಂಬುತ್ತಾರೆ' ಅಂತ ಬರೆಯಬೇಡ. ಅದ್ವೈತಿಯೋ ಮಾಧ್ವನೋ, ಯಾವ ಗ್ರಂಥವೋ ಹೆಸರಿಸು. ಇಲ್ಲಿ ಬೀಳುವ ತಪ್ಪುಗಳೇ ಹೆಚ್ಚು.

ತಿದ್ದುವ ಮುಂಚೆ ಒಂದು ಭಾನುವಾರ ಬಿಸಿಲೇರುವ ಮೊದಲೇ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತು. ಸಲ್ಲೇಖನ ಮಾಡಿದವರ ಶಾಸನಗಳು ಅಲ್ಲಿ ಬಂಡೆಯ ಮೇಲೇ ಇವೆ. ನೋಟ್ ಪುಸ್ತಕ ತಗೊಂಡು ಹೋಗು.

ಇಂತಿ,
ನಿನ್ನ ದೊಡ್ಡಪ್ಪ