ಎದೆಯೊಳಗೊಬ್ಬ ಚಾಡಿಕೋರ

ನಿನ್ನೆಗೆ ನನ್ನ ಪೇಸ್‌ಮೇಕರ್‌ಗೆ, ಅಂದರೆ ಹೃದಯದ ಬಡಿತ ತಪ್ಪದಂತೆ ಎದೆಯೊಳಗೆ ಕೂರಿಸಿದ ಯಂತ್ರಕ್ಕೆ, ವರ್ಷ ತುಂಬಿತು. ಸೊಸೆ ಗಸಗಸೆ ಪಾಯಸ ಮಾಡಿದ್ದಳು. ಹುಟ್ಟುಹಬ್ಬ ನನ್ನದಲ್ಲ, ಯಂತ್ರದ್ದಂತೆ! ಈ ನೆಪದಲ್ಲಿ ಕೆಲವರ ಋಣ ನೆನೆಯಬೇಕು, ಒಂದು ತಪ್ಪೂ ಒಪ್ಪಿಕೊಳ್ಳಬೇಕು.

ಆಪರೇಷನ್ ಆದಮೇಲೆ, ಒಂದೂವರೆ ತಿಂಗಳು ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ ಅಂತ ಹತ್ತು ಸಲ ಹೇಳಿ ಕಳಿಸಿದರು. ಕಾಲಿನ ವಿಷಯ ಯಾರೂ ಎತ್ತಲಿಲ್ಲ. 74ರ ಪುಕ್ಕಲನಿಗೆ ಅಷ್ಟು ಸಾಕಾಯಿತು. ನಡೆದು ನಡೆದು, ಯಂತ್ರದಿಂದ ಹೃದಯಕ್ಕೆ ಹೋಗುವ ವೈರು ಕಿತ್ತುಬಂದರೆ? ದಿನಾ ಬೆಳಿಗ್ಗೆ ಶೂ ಕಟ್ಟಿಕೊಂಡು "ವಾಕಿಂಗ್ ಹೋಗ್ಬರ್ತೀನಿ" ಅಂತ ಹೊರಡುತ್ತಿದ್ದೆ. ಕುಕ್ಕರಹಳ್ಳಿ ಕೆರೆಯ ಮೊದಲ ಬೆಂಚಿನಲ್ಲೇ ಕೂತು, ಒಂದು ಗಂಟೆ ಹೆಜ್ಜಾರ್ಲೆಗಳನ್ನು ಎಣಿಸಿ ವಾಪಸ್. ಮನೆಯವರೆಲ್ಲ ನಂಬಿದ್ದರು.

ಆರು ತಿಂಗಳ ಚೆಕಪ್‌ನಲ್ಲಿ ಟೆಕ್ನಿಷಿಯನ್ ಹುಡುಗಿ ಕಂಪ್ಯೂಟರ್ ಮೌಸಿನಂಥದ್ದನ್ನು ನನ್ನ ಎದೆಯ ಮೇಲಿಟ್ಟಳು. ಬ್ಯಾಟರಿ ಸರಿ, ವೈರು ಸರಿ. ನಾನು ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಪರದೆಯಿಂದ ಕಣ್ಣು ಕೀಳದೆ ಕೇಳಿದಳು: "ಸರ್, ನೀವು ನಡೆಯೋದೇ ಇಲ್ವಾ?"

ಪಕ್ಕದಲ್ಲೇ ಸೊಸೆ!

ಒಳಗೆ ಅಲುಗಾಟ ಹಿಡಿಯುವ ಸೆನ್ಸರ್ ಇದೆಯಂತೆ. ಮೈ ಓಡಾಡಿದಾಗ ನಾಡಿ ಏರಿಸಲೆಂದು ಇಟ್ಟದ್ದು. ಜೊತೆಗೆ, ದಿನಕ್ಕೆ ಎಷ್ಟು ಹೊತ್ತು ಓಡಾಡಿದೆವೆಂದು ತಿಂಗಳುಗಟ್ಟಲೆ ಬರೆದಿಡುತ್ತದೆ. ನನ್ನ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 70 ಹೆಜ್ಜೆಯ ಬಿರುಸಿದ್ದರೆ ಮಾತ್ರ ಅದು ಲೆಕ್ಕ. ಪರದೆಯಲ್ಲಿ ನನ್ನ ಓಡಾಟದ ಗೆರೆ ನೆಲಕಚ್ಚಿತ್ತು. ಕೈಗೆ ಕಟ್ಟುವಂಥದ್ದಾಗಿದ್ದರೆ ಬಿಚ್ಚಿ ಮೊಮ್ಮಗನ ಕೈಗೆ ಕಟ್ಟಿ ಓಡಿಸುತ್ತಿದ್ದೆ, ಇದನ್ನೇನು ಮಾಡಲಿ?

ಆ ತಾಯಿ ಬೈಯಲಿಲ್ಲ. 1958ರಲ್ಲಿ ಸ್ವೀಡನ್ನಿನಲ್ಲಿ ಮೊಟ್ಟಮೊದಲು ಪೇಸ್‌ಮೇಕರ್ ಹಾಕಿಸಿಕೊಂಡ ಆರ್ನೆ ಲಾರ್ಸನ್ ಅವರ ಕಥೆ ಹೇಳಿದಳು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಕೆಟ್ಟಿತಂತೆ. 26 ಯಂತ್ರ ಬದಲಾಯಿಸಿಕೊಂಡು 86 ವರ್ಷ ಬದುಕಿದರಂತೆ. "ನಿಮ್ಮದಿನ್ನೂ ಒಂದನೇದು ಸರ್" ಅಂದಳು. ಡಾಕ್ಟರೂ ಬಂದು, ವೈರು ಎಂದೋ ಕೂತುಕೊಂಡಿದೆ, ಧೈರ್ಯವಾಗಿ ನಡೆಯಿರಿ ಎಂದರು. ಇಬ್ಬರಿಗೂ ಕೈಮುಗಿದೆ.

ಮಾರನೆಯ ದಿನದಿಂದ ಒಂದು ಮಾತೂ ಆಡದೆ ಜೊತೆಗೆ ಹೊರಟ ಸೊಸೆಗೆ, ನನಗೋಸ್ಕರ ನಡಿಗೆ ನಿಧಾನ ಮಾಡಿಕೊಂಡ ಕೆರೆಯ ಗೆಳೆಯರಿಗೆ ಏನು ಹೇಳಿದರೂ ಕಡಿಮೆಯೇ.

ಮೊನ್ನೆ ಗೆರೆ ಒಂದೂವರೆ ಗಂಟೆಗೆ ಏರಿತ್ತು. ನಡುವೆ ಒಂದು ವಾರ ಮಾತ್ರ ತಗ್ಗು. "ಇಲ್ಲೇನಾಯ್ತು ಸರ್?" ಎಂದಳು.

"ಮಳೆ ಕಣಮ್ಮಾ" ಎಂದೆ. ಈ ಸಲ ನಿಜವನ್ನೇ ಹೇಳಿದ್ದು.