ಗೆಳೆಯನಿಗೊಂದು ಪತ್ರ: ಮಾಡುತ್ತಾ ಇರುವುದು, ಮಾಡುತ್ತಾ ಹೋಗುವುದು

ಪ್ರೀತಿಯ ಸೆಕ್ರೆಟರಿ,

ನನ್ನ ಸ್ಪ್ಯಾನಿಷ್ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಎರಡನೇ ಮಾತಿಗೇ ನೀನು ಕ್ರಿಕೆಟ್ಟಿಗೆ ಜಿಗಿಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರ ಎದುರೇ ಬರೆಯುತ್ತಿದ್ದೇನೆ, ಯಾಕೆಂದರೆ ಸ್ಪ್ಯಾನಿಷ್ ಕಲಿಯುವ ನಮ್ಮವರಿಗೆಲ್ಲ ಇದು ಬೇಕಾಗುತ್ತದೆ. ನಾವು ಅದನ್ನು ಇಂಗ್ಲಿಷ್ ಸುತ್ತಿಕೊಂಡು ಕಲಿಯುತ್ತೇವೆ. ‘ಮಾಡುತ್ತಾ’ ಅನ್ನುವ ಈ ಒಂದು ವಿಷಯದಲ್ಲಿ ಕನ್ನಡದ ದಾರಿಯೇ ಹತ್ತಿರ.

ಕ್ರಿಯಾಪದದ ಕೊನೆಗೆ ‘ಆಂದೊ’ ಅಥವಾ ‘ಇಯೆಂದೊ’ ಸೇರಿಸಿದರೆ ನಮ್ಮ ‘ಉತ್ತಾ’ ಸಿಕ್ಕಿತು. ಆಬ್ಲಾರ್ ಅಂದರೆ ಮಾತಾಡುವುದು, ಆಬ್ಲಾಂದೊ ಅಂದರೆ ಮಾತಾಡುತ್ತಾ. ಕೊಮೆರ್ ತಿನ್ನುವುದು, ಕೊಮಿಯೆಂದೊ ತಿನ್ನುತ್ತಾ. ಇದಕ್ಕೆ ಅವರಿಟ್ಟ ಹೆಸರು ಹೆರುಂದಿಯೊ. 1492ರಲ್ಲಿ ನೆಬ್ರಿಹಾ ಅನ್ನುವ ಪಂಡಿತ ಸ್ಪ್ಯಾನಿಷ್ ವ್ಯಾಕರಣ ಬರೆದಾಗಲೇ ಇದನ್ನು ಪ್ರತ್ಯೇಕ ಪದವರ್ಗವಾಗಿ ಎಣಿಸಿದ್ದ. ಅಷ್ಟು ತೂಕ ಇದಕ್ಕೆ. ಇನ್ನು ಇದರ ಮುಂದೆ ಯಾವ ಕ್ರಿಯಾಪದ ಇಡುತ್ತೇವೋ ಹಾಗೆ ಅರ್ಥ ತಿರುಗುತ್ತದೆ.

ಎಸ್ತಾರ್ ಇಟ್ಟರೆ ಬರೀ ‘ಇರು’. ಎಸ್ತೊಯ್ ಕೊಮಿಯೆಂದೊ, ತಿನ್ನುತ್ತಾ ಇದ್ದೇನೆ. ಈಗ, ತುತ್ತು ಬಾಯಲ್ಲಿದೆ. ನಾಳಿನ ಮಾತಿಗೆ ಇದು ನಡೆಯುವುದಿಲ್ಲ. ‘ಶುಕ್ರವಾರ ಬರ್ತಾ ಇದ್ದೀನಿ ಕಣೋ’ ಅಂತ ನೀನು ಹೇಳುತ್ತೀಯಲ್ಲ, ಅದನ್ನು ಎಸ್ತಾರ್ ಹಾಕಿ ಹೇಳಿದರೆ ಸ್ಪ್ಯಾನಿಷ್‌ನವರು ಒಪ್ಪುವುದಿಲ್ಲ. ಹರಿಹರದ ಆ ಶುಕ್ರವಾರದ ಮೇಲೆ ನಾನೂ ಒಪ್ಪುವುದಿಲ್ಲ, ಬಿಡು.

ಈರ್ ಅಂದರೆ ಹೋಗು. ಅದನ್ನಿಟ್ಟರೆ ‘ಮಾಡುತ್ತಾ ಹೋಗು’, ಸ್ವಲ್ಪ ಸ್ವಲ್ಪವೇ. ವೆನೀರ್ ಅಂದರೆ ಬಾ. ಅದನ್ನಿಟ್ಟರೆ ‘ಮಾಡುತ್ತಾ ಬಂದಿದ್ದೇನೆ’, ಹಿಂದೆಲ್ಲೋ ಶುರುವಾಗಿ ಇಲ್ಲಿಯವರೆಗೆ. ನೋಡು, ಹೋಗು ಬಾ ಎರಡೂ ನಾವು ಬಳಸುವ ಜಾಗದಲ್ಲೇ ಕೂತಿವೆ! ಸೆಗೀರ್ ಇಟ್ಟರೆ ‘ಮಾಡುತ್ತಲೇ ಇದ್ದಾನೆ’, ಇನ್ನೂ ಬಿಟ್ಟಿಲ್ಲ. ಆಂದಾರ್ ಅಂದರೆ ನಡೆ, ಓಡಾಡು. ಅದನ್ನಿಟ್ಟರೆ ಅಲ್ಲಿ ಇಲ್ಲಿ ಅಲೆಯುತ್ತಾ ಮಾಡುವ ಕೆಲಸ. ಮೆಕ್ಸಿಕೊದವರ ಬಾಯಲ್ಲಿ ಇದು ಜಾಸ್ತಿ.

ನಮ್ಮಲ್ಲಿ ಜೋಡಿ ಸಿಗದೇ ಇರುವುದು ಯೇವಾರ್ ಒಂದಕ್ಕೆ. ಹೊತ್ತೊಯ್ಯುವುದು ಅಂತ ಅರ್ಥ. ‘ಯೇವೊ ದೋಸ್ ಓರಾಸ್ ಎಸ್ಪೆರಾಂದೊ’, ಎರಡು ಗಂಟೆ ಹೊತ್ತಿನಿಂದ ಕಾಯುತ್ತಾ ಇದ್ದೇನೆ. ಆ ಎರಡು ಗಂಟೆಯನ್ನು ತಲೆ ಮೇಲೆ ಹೊತ್ತು ನಿಂತ ಹಾಗೆ. ಕಾಲ್ ಸೆಂಟರಿನ ಕೆಲಸಕ್ಕೆ ಕೂತು ಹೆಡ್‌ಸೆಟ್ ಹಾಕಿಕೊಂಡರೆ ನನಗೆ ಕೇಳುವ ಮೊದಲ ಮಾತು ಬಹಳ ಸಲ ಇದೇ. ಮೆಕ್ಸಿಕೊದವರು ಯೇವೊ ಬದಲು ‘ತೆಂಗೊ’, ಅಂದರೆ ‘ನನ್ನಲ್ಲಿದೆ’, ಅನ್ನುವುದೂ ಉಂಟು. ಕಾಯುವುದು ಮುಗಿದು ಫೋನ್ ಇಟ್ಟ ಮೇಲೆ ‘ಎರಡು ಗಂಟೆ ಕಾದೆ’ ಅನ್ನಲು ಯೇವಾರ್ ಬರುವುದಿಲ್ಲ. ಹೊರೆ ಇಳಿದರೆ ಆ ಕ್ರಿಯಾಪದಕ್ಕೂ ಕೆಲಸ ಇಲ್ಲ.

ಒಂದು ರಾತ್ರಿ ಈಕ್ವೆಡಾರ್‌ನ ಕೀಟೊದಿಂದ ಒಬ್ಬರು ಹೆಂಗಸು ಫೋನ್ ಮಾಡಿದರು. ಬಿಲ್ಲಿನಲ್ಲಿ ಏನೋ ಹೆಚ್ಚುಕಮ್ಮಿ. ‘ದೆಮೆ ರೆವಿಸಾಂದೊ, ಪೊರ್ ಫಾವೋರ್’ ಅಂದರು. ಪದಕ್ಕೆ ಪದ ಇಟ್ಟರೆ ‘ಪರಿಶೀಲಿಸುತ್ತಾ ಕೊಡಿ’. ಕ್ಲಾಸಿನಲ್ಲಿ ಯಾರೂ ಹೇಳಿಕೊಡದ ವಾಕ್ಯ. ಪಕ್ಕದ ಸೀಟಿನವನು ಸ್ಪೇನಿನಲ್ಲಿ ಓದಿ ಬಂದವನು, ಅವನಿಗೂ ತಲೆಬುಡ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ‘ಸ್ವಲ್ಪ ನೋಡಿಕೊಡಿ’ ಅಂತಿದ್ದಾರೆ ಆಯಮ್ಮ! ‘ದಾಮೆ ಅಬ್ರಿಯೆಂದೊ ಲಾ ಪುಯೆರ್ತಾ’ ಅಂದರೆ ಬಾಗಿಲು ತೆಗೆದುಕೊಡು. ಆಂಡಿಸ್ ಬೆಟ್ಟಸೀಮೆಯಲ್ಲಿ ಯಾರಾದರೂ ‘ವೆಂಗೊ ಕೊಮಿಯೆಂದೊ’ ಅಂದರೆ ದಾರಿಯುದ್ದಕ್ಕೂ ತಿನ್ನುತ್ತಾ ಬಂದರು ಅಂತ ಅಲ್ಲ, ಊಟ ಮಾಡಿಕೊಂಡೇ ಬಂದಿದ್ದಾರೆ ಅಂತ. ಇದೆಲ್ಲ ಅಲ್ಲಿನ ಮೂಲ ಭಾಷೆ ಕಿಚುವಾದ ಪ್ರಭಾವ ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಕಿಚುವಾದಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ಪ್ರತ್ಯಯಗಳು ಒಂದರ ಹಿಂದೆ ಒಂದು ಅಂಟಿಕೊಳ್ಳುತ್ತವೆ. ಅದಕ್ಕೂ ಕನ್ನಡಕ್ಕೂ ನಂಟಿಲ್ಲ. ಆದರೂ ಆ ರಾತ್ರಿ ನನಗೆ ಊರಿನವರ ಜೊತೆ ಮಾತಾಡಿದಷ್ಟು ಖುಷಿಯಾಯಿತು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಕಣ್ಣಿಗೆ ಕಂಡದ್ದನ್ನು ಹಾಗೇ ಸ್ಪ್ಯಾನಿಷ್‌ನಲ್ಲಿ ಬರೆಯುತ್ತೇನೆ. ಅಮ್ಮ ಕೂತಿದ್ದಾಳೆ, ‘ಎಸ್ತಾ ಸೆಂತಾದಾ’. ಇಲ್ಲಿ ಆಂದೊ ಹಾಕಬಾರದು, ಹಾಕಿದರೆ ಈಗಷ್ಟೇ ಕೂರುತ್ತಾ ಇದ್ದಾಳೆ ಅಂತಾಗುತ್ತದೆ. ಇಂಗ್ಲಿಷಿನಿಂದ ಬಂದವರು ಎಡವುವ ಜಾಗ. ನಮಗೆ ‘ಕೂತಿದ್ದಾಳೆ’ ಬೇರೆ, ‘ಕೂರ್ತಾ ಇದ್ದಾಳೆ’ ಬೇರೆ ಅಂತ ಹುಟ್ಟಿನಿಂದಲೇ ಗೊತ್ತು, ಅಲ್ವಾ?

ಮುಂದಿನದು, ‘ಆಂದಾ ಬುಸ್ಕಾಂದೊ ಲಾಸ್ ಯಾವೆಸ್’. ಬೀಗದಕೈ ಹುಡುಕುತ್ತಾ ಓಡಾಡುತ್ತಿದ್ದಾಳೆ. ಅಡುಗೆಮನೆ, ದೇವರ ಮನೆ, ಮತ್ತೆ ಅಡುಗೆಮನೆ. ಬೀಗದಕೈ ಅವಳ ಸೊಂಟದಲ್ಲೇ ಇದೆ. ‘ಸೀಗೆ ಪ್ರೆಗುಂತಾಂದೊ’, ಕೇಳುತ್ತಲೇ ಇದ್ದಾಳೆ. ಏನು ಕೇಳುತ್ತಾಳೆ ಗೊತ್ತಾ? ‘ಸೆಕ್ರೆಟರಿ ಊಟಕ್ಕೆ ಬರ್ತಾನೇನೋ? ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಲಾ?’ ನೀನು ನಮ್ಮ ಬೀದಿಯಲ್ಲೇ ಇದ್ದೀಯ ಅಂದುಕೊಂಡಿದ್ದಾಳೆ. ದಾವಣಗೆರೆಯ ಹಳೇ ಮನೆಯಲ್ಲೇ ನಾವೆಲ್ಲ ಇದ್ದೇವೆ ಅಂದುಕೊಂಡಿದ್ದಾಳೆ.

ಆಮೇಲಿನ ವಾಕ್ಯ, ‘ವಾ ಒಲ್ವಿದಾಂದೊ’. ಮರೆಯುತ್ತಾ ಹೋಗುತ್ತಿದ್ದಾಳೆ.

ಇದನ್ನು ನಿನಗೆ ಫೋನಿನಲ್ಲಿ ಹೇಳಲು ಆಗಲೇ ಇಲ್ಲ ಕಣೋ. ಯಾವಾಗಿನಿಂದ ಹೀಗೆ ಅಂತ ಡಾಕ್ಟರು ಕೇಳಿದರು. ಏನಂತ ಹೇಳಲಿ? ಮರೆಯುತ್ತಾ ಬಂದಿದ್ದಾಳೆ, ಇಂಥ ದಿನ ಶುರುವಾಯಿತು ಅನ್ನಲು ಬರುವುದಿಲ್ಲ. ನನಗೆ ಭಯವಾಗುತ್ತದೆ. ‘ನೀನು ಯಾರಪ್ಪಾ’ ಅಂತ ನನ್ನನ್ನೇ ಕೇಳುವ ದಿನ ಬಂದರೆ ಯಾವ ದನಿಯಲ್ಲಿ ಉತ್ತರ ಹೇಳಲಿ ಅಂತ ಕೆಲಸದ ಮಧ್ಯೆಯೂ ಯೋಚನೆ ಬರುತ್ತದೆ. ಇನ್ನೊಂದು ಹೇಳಿಬಿಡುತ್ತೇನೆ. ನನ್ನ ಹೆಸರಿಗೆ ತಡವರಿಸಿದ ದಿನ ನಿನ್ನ ಹೆಸರು ಸಲೀಸಾಗಿ ಬಂತು. ಹೊಟ್ಟೆಕಿಚ್ಚಾಯಿತು. ಆಮೇಲೆ, ಒಬ್ಬನಾದರೂ ನೆನಪಿದ್ದಾನಲ್ಲ ಅಂತ ಸಮಾಧಾನವೂ ಆಯಿತು.

ಅಕಾಬಾರ್ ಅಂತ ಇನ್ನೊಂದು ಕ್ರಿಯಾಪದ ಇದೆ. ಅದನ್ನಿಟ್ಟರೆ ‘ಕೊನೆಗೆ ಹಾಗೇ ಆಯಿತು’ ಅನ್ನುವ ಅರ್ಥ. ಪುಸ್ತಕದಲ್ಲಿ ಅದರ ಅಭ್ಯಾಸವೂ ಇದೆ. ಅದನ್ನು ಆಫೀಸಿನವರ ಮೇಲೆ, ಬಸ್ಸಿನ ಮೇಲೆ, ಮಳೆಯ ಮೇಲೆ ಇಟ್ಟು ವಾಕ್ಯ ಮಾಡಿದ್ದೇನೆ. ಅಮ್ಮನ ಮೇಲೆ ಇಡುವುದಿಲ್ಲ.

ಸಾಕು ಇದು. ಓದುತ್ತಿರುವ ಉಳಿದವರು ಹೆರುಂದಿಯೊ ಕಲಿಯಲು ಬಂದಿದ್ದರು, ಪಾಪ.

ನೀನು ಬಾ. ಬರುವಾಗ ಮಂಡಕ್ಕಿ ತಾ, ಇಲ್ಲಿಯದು ಬಾಯಿಗಿಟ್ಟರೆ ಹತ್ತಿ. ಮೆಣಸಿನಕಾಯಿ ನಾನು ಕರಿಯುತ್ತೇನೆ. ಸಾರು ಅಮ್ಮ ಮಾಡುತ್ತಾಳೆ. ಅಳತೆ ಇಲ್ಲದೆ ಕಣ್ಣಂದಾಜಿನಲ್ಲೇ ಹುಣಸೆಹಣ್ಣು ಕಿವುಚುತ್ತಾಳೆ, ಒಂದು ಸಲವೂ ಹುಳಿ ಹೆಚ್ಚಾಗಿಲ್ಲ. ನೀನು ಎರಡು ಸಲ ಬಡಿಸಿಕೊಳ್ಳಬೇಕು, ಅವಳು ನೋಡುತ್ತಾ ಇರುತ್ತಾಳೆ. ಅಧ್ಯಕ್ಷರನ್ನೂ ಕರೆದುಕೊಂಡು ಬಾ, ಛತ್ರಿಯ ಲೆಕ್ಕ ಕೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂತ ಹೇಳು. ಕೇಳುತ್ತೇನೆ.

ನಿನ್ನ,
ಖಜಾಂಚಿ